ಮಕ್ಕಳ ಸಮತೋಲನ ವ್ಯಾಯಾಮಗಳು

ತೂಗುವುದು, ಉರುಳುವುದು, ಜಿಗಿಯುವುದು, ಗಿರಕಿ ಹೊಡೆಯುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು ಮೊದಲಾದ ಚಲನೆಗಳಿಂದ ಒಳಕಿವಿಯ ಸಮತೋಲನಾಂಗಕ್ಕೆ ಕೆಲಸ ಕೊಟ್ಟು, ಮಗುವಿನ ನಿಲುವು, ನಡಿಗೆ ಮತ್ತು ನೋಟದ ಸ್ಥಿರತೆಗೆ ನೆರವಾಗುವ ಆಟ ಹಾಗೂ ಅಭ್ಯಾಸಗಳು. ವೈದ್ಯರ ಮಾತಿನಲ್ಲಿ ಇವು ವೆಸ್ಟಿಬ್ಯುಲರ್ ವ್ಯಾಯಾಮಗಳು. ಈ ಒಂದು ಹೆಸರಿನಡಿ ಇಂದು ಎರಡು ಬೇರೆ ಪರಂಪರೆಗಳು ಬೆರೆತುಹೋಗಿವೆ. ಒಂದು, ಒಳಕಿವಿಗೆ ನಿಜವಾಗಿ ಹಾನಿಯಾದವರಿಗಾಗಿ ಕಿವಿ ತಜ್ಞರೂ ಫಿಸಿಯೋಥೆರಪಿಸ್ಟರೂ ರೂಪಿಸಿದ ಪುನಶ್ಚೇತನ ಕ್ರಮ. ಇನ್ನೊಂದು, ಕಲಿಕೆ ಮತ್ತು ನಡವಳಿಕೆಯ ತೊಡಕುಳ್ಳ ಮಕ್ಕಳಿಗಾಗಿ ಆಕ್ಯುಪೇಷನಲ್ ಥೆರಪಿಸ್ಟರು ಬೆಳೆಸಿದ ಇಂದ್ರಿಯ ಸಮನ್ವಯ ಚಿಕಿತ್ಸೆ. ಮೊದಲನೆಯದಕ್ಕಿರುವ ಪುರಾವೆಯನ್ನು ತೋರಿಸಿ ಎರಡನೆಯದನ್ನು ಹೊಗಳುವುದು, ಎರಡನೆಯದರ ಹೆಸರು ಹೇಳಿ ಯಾವುದೋ ಸಲಕರಣೆ ಮಾರುವುದು ಮಾಮೂಲಾಗಿದೆ. ಮನೆಯಲ್ಲಿ ಮಗುವನ್ನು ಆಡಿಸುವ ತಂದೆತಾಯಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಹಣವೂ ಆತಂಕವೂ ಉಳಿಯುತ್ತವೆ.

ಅಂಗದ ರಚನೆ ಮತ್ತು ಕೆಲಸ

ತಲೆಬುರುಡೆಯ ಎರಡೂ ಪಕ್ಕದಲ್ಲಿ, ಶಂಖಾಸ್ಥಿಯ ಅತಿ ಗಟ್ಟಿಯಾದ ಭಾಗದೊಳಗೆ, ಕೇಳುವ ಅಂಗವಾದ ಕಾಕ್ಲಿಯಕ್ಕೆ ಅಂಟಿಕೊಂಡೇ ಸಮತೋಲನಾಂಗವಿದೆ. ಅದರಲ್ಲಿ ಮೂರು ಅರ್ಧವೃತ್ತ ನಾಳಗಳು, ಎರಡು ಚೀಲಗಳು. ನಾಳಗಳು ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿ ನಿಂತಿರುವುದರಿಂದ ತಲೆ ಯಾವ ದಿಕ್ಕಿಗೆ ಹೊರಳಿದರೂ ಯಾವುದಾದರೊಂದು ನಾಳಕ್ಕೆ ಸುದ್ದಿ ಮುಟ್ಟಿಯೇ ಮುಟ್ಟುತ್ತದೆ. ತಲೆ ತಿರುಗತೊಡಗಿದಾಗ ನಾಳದ ಗೋಡೆ ತಲೆಯೊಂದಿಗೆ ಸಾಗುತ್ತದೆ, ಒಳಗಿನ ದ್ರವ ಜಡತ್ವದಿಂದ ಹಿಂದುಳಿಯುತ್ತದೆ. ಹಿಂದುಳಿದ ದ್ರವ ಕ್ಯೂಪುಲ ಎಂಬ ಲೋಳೆಯ ತಡಿಕೆಯನ್ನು ಒತ್ತಿ ಬಾಗಿಸುತ್ತದೆ. ಅದರಲ್ಲಿ ನಾಟಿಕೊಂಡಿರುವ ರೋಮಕೋಶಗಳ ರೋಮಗಳು ಬಗ್ಗಿ, ನರದ ಮಿಡಿತ ಏರುತ್ತದೆ ಅಥವಾ ಇಳಿಯುತ್ತದೆ. ಯೂಟ್ರಿಕಲ್ ಮತ್ತು ಸ್ಯಾಕ್ಯೂಲ್ ಎಂಬ ಚೀಲಗಳಲ್ಲಿ ಇದೇ ಬಗೆಯ ರೋಮಕೋಶಗಳ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳ ಹಾಸಿದೆ. ತಲೆ ಓರೆಯಾದರೆ, ಬಸ್ಸು ಬ್ರೇಕ್ ಹಾಕಿದರೆ, ಲಿಫ್ಟು ಮೇಲೇರಿದರೆ ಆ ಹರಳಿನ ಭಾರ ಜಾರಿ ಸುದ್ದಿ ಕೊಡುತ್ತದೆ. ಹೊರಳುವಿಕೆಯನ್ನು ನಾಳಗಳು, ಗುರುತ್ವ ಮತ್ತು ನೇರ ಚಲನೆಯನ್ನು ಚೀಲಗಳು ಅರಿಯುತ್ತವೆ.

ಈ ಸುದ್ದಿ ಎಂಟನೆಯ ಕಪಾಲನರದ ಮೂಲಕ ಮಿದುಳುಕಾಂಡಕ್ಕೆ ತಲುಪಿ, ಅಲ್ಲಿಂದ ಮುಖ್ಯವಾಗಿ ಮೂರು ಕಡೆ ಹರಿಯುತ್ತದೆ. ಒಂದು ದಾರಿ ಕಣ್ಣಿನ ಸ್ನಾಯುಗಳಿಗೆ. ತಲೆ ಬಲಕ್ಕೆ ಹೊರಳಿದ ಸುಮಾರು 10 ಮಿಲಿಸೆಕೆಂಡಿನೊಳಗೆ ಕಣ್ಣು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ಸರಿಯುತ್ತದೆ; ನಡೆಯುತ್ತಲೇ ಬಸ್ಸಿನ ಬೋರ್ಡು ಓದಲು ಸಾಧ್ಯವಾಗುವುದು ಇದರಿಂದ. ಇನ್ನೊಂದು ದಾರಿ ಬೆನ್ನುಹುರಿಯ ಮೂಲಕ ಕತ್ತು, ಬೆನ್ನು, ಕಾಲಿನ ಸ್ನಾಯುಗಳಿಗೆ ಹೋಗಿ ಮೈಯನ್ನು ನೆಟ್ಟಗೆ ಹಿಡಿಯುತ್ತದೆ. ಮೂರನೆಯದು ಕಿರುಮೆದುಳಿಗೆ, ಆದ ತಪ್ಪನ್ನು ಗುರುತಿಸಿ ಮುಂದಿನ ಸಲ ತಿದ್ದಿಕೊಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಸಮತೋಲನ ಕಿವಿಯೊಂದರದೇ ಗೇಯ್ಮೆಯಲ್ಲ. ಕಣ್ಣು ಕಂಡದ್ದು, ಪಾದ ಮತ್ತು ಕೀಲುಗಳು ಮುಟ್ಟಿ ತಿಳಿದದ್ದು, ಕಿವಿ ಅರಿತದ್ದು, ಈ ಮೂರನ್ನೂ ಮಿದುಳು ಒಟ್ಟಿಗೆ ತೂಗಿ ನೋಡುತ್ತದೆ.

ಮನೆಯ ವ್ಯಾಯಾಮದ ದೃಷ್ಟಿಯಿಂದ ಈ ರಚನೆಯಲ್ಲಿ ಒಂದು ಅಂಶ ಮುಖ್ಯ. ನಾಳಗಳನ್ನು ಕೆಣಕುವುದು ತಿರುಗುವ ವೇಗವಲ್ಲ, ವೇಗದ ಬದಲಾವಣೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಒಳಗಿನ ದ್ರವವೂ ಗೋಡೆಯ ವೇಗವನ್ನು ಹಿಡಿಯುತ್ತದೆ, ಕ್ಯೂಪುಲ ನೆಟ್ಟಗಾಗುತ್ತದೆ. ಕಣ್ಣು ಮುಚ್ಚಿ ತಿರುಗುವವರಿಗೆ ಸ್ವಲ್ಪ ಹೊತ್ತಿನಲ್ಲೇ ತಿರುಗುವ ಅನುಭವವೇ ಅಡಗಿಹೋಗುತ್ತದೆ. ಫಕ್ಕನೆ ನಿಲ್ಲಿಸಿದಾಗ ದ್ರವ ಮಾತ್ರ ಮುಂದಕ್ಕೆ ಹರಿದು, ಎದುರು ದಿಕ್ಕಿಗೆ ತಿರುಗಿದ ಭ್ರಮೆ ಹುಟ್ಟುತ್ತದೆ, ಕಣ್ಣುಗುಡ್ಡೆಗಳು ಪಕ್ಕಕ್ಕೆ ಮಿಡಿಯುತ್ತವೆ. ಆದ್ದರಿಂದ ಮಗುವನ್ನು ಹತ್ತು ನಿಮಿಷ ಒಂದೇ ಸಮನೆ ತಿರುಗಿಸಿದರೆ ಹತ್ತು ಪಟ್ಟು ಲಾಭ ಎಂಬುದು ಸುಳ್ಳು ಲೆಕ್ಕ. ಒಳಕಿವಿಗೆ ಕೆಲಸ ಸಿಗುವುದು ಆರಂಭದಲ್ಲಿ, ನಿಲುಗಡೆಯಲ್ಲಿ, ದಿಕ್ಕು ಬದಲಾಗುವಲ್ಲಿ.

ಬೆಳವಣಿಗೆ

ಇಂದ್ರಿಯಗಳ ಪೈಕಿ ಬಹು ಬೇಗ ರೂಪುಗೊಳ್ಳುವುದು ಸಮತೋಲನಾಂಗ. ಗರ್ಭದ ಐದನೆಯ ತಿಂಗಳ ಹೊತ್ತಿಗೆ ಒಳಕಿವಿಯ ನಾಳಗಳು ಹೆಚ್ಚುಕಡಿಮೆ ವಯಸ್ಕರ ಗಾತ್ರಕ್ಕೆ ಬಂದಿರುತ್ತವೆ. ತಲೆ ಹಿಂದಕ್ಕೆ ಜಾರಿದಾಗ ಹಸುಗೂಸು ತೋಳು ಚಾಚಿ ಬೆಚ್ಚುವ ಪ್ರತಿಕ್ರಿಯೆ ಹುಟ್ಟಿನಿಂದಲೇ ಇದ್ದು, ನಾಲ್ಕರಿಂದ ಆರು ತಿಂಗಳಲ್ಲಿ ಮರೆಯಾಗುತ್ತದೆ. ಅಂಗ ಬೇಗ ಸಿದ್ಧವಾದರೂ ಅದನ್ನು ಬಳಸುವ ಜಾಣ್ಮೆ ನಿಧಾನವಾಗಿ ಬರುತ್ತದೆ. ಪುಟ್ಟ ಮಕ್ಕಳು ನಿಲ್ಲಲು ಕಣ್ಣನ್ನೇ ಹೆಚ್ಚು ನೆಚ್ಚುತ್ತಾರೆ. ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದಾಗ ಯಾವುದನ್ನು ನಂಬಬೇಕೆಂಬ ವಿವೇಕ ಪಕ್ವವಾಗಲು ಹದಿಹರೆಯದವರೆಗೂ ಕಾಲ ಹಿಡಿಯುತ್ತದೆ. ಘಾಟಿಯ ತಿರುವುಗಳಲ್ಲಿ ಎರಡು ವರ್ಷದೊಳಗಿನ ಕೂಸು ಹಾಯಾಗಿ ನಿದ್ರಿಸುತ್ತಿದ್ದರೆ, ಎಂಟು ಹತ್ತು ವರ್ಷದ ಅಣ್ಣ ಕಿಟಕಿಗೆ ಮುಖವಿಟ್ಟು ವಾಂತಿ ಮಾಡುವುದೂ ವಯಸ್ಸಿನ ಈ ವ್ಯತ್ಯಾಸಕ್ಕೆ ಸೇರಿದ್ದೇ.

ಯಾವ ವಯಸ್ಸಿಗೆ ಏನು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಅಳತೆಗೋಲು. ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಗಮನಿಸಿ ಅದು ಕಂಡದ್ದು ಇದು: ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ತಾನೇ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಸುಮಾರು ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ಎದ್ದು ನಡೆದವು. ಪಕ್ಕದ ಮನೆಯ ಕೂಸು ಹತ್ತನೆಯ ತಿಂಗಳಿಗೇ ನಡೆಯಿತೆಂದು ತಮ್ಮ ಹನ್ನೆರಡು ತಿಂಗಳ ಮಗುವಿಗೆ ವ್ಯಾಯಾಮ ಹುಡುಕುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಚಿಂತನೆಯ ಇತಿಹಾಸ

ಅರ್ಧವೃತ್ತ ನಾಳಗಳು ಕೇಳುವುದಕ್ಕಲ್ಲ, ಚಲನೆಗೆ ಸಂಬಂಧಿಸಿದವು ಎಂಬುದನ್ನು 1820ರ ದಶಕದಲ್ಲಿ ಮೊದಲು ತೋರಿಸಿದವನು ಫ್ರಾನ್ಸಿನ ಶರೀರವಿಜ್ಞಾನಿ ಫ್ಲೂರೆನ್ಸ್. ಪಾರಿವಾಳದ ಒಂದು ನಾಳವನ್ನು ಕತ್ತರಿಸಿದರೆ ಅದು ಆ ನಾಳದ ಸಮತಲದಲ್ಲೇ ತಲೆ ಹೊರಳಿಸುವುದನ್ನು ಅವನು ಕಂಡ. 1870ರ ದಶಕದಲ್ಲಿ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್, ವೈದ್ಯ ಜೋಸೆಫ್ ಬ್ರಾಯರ್, ಎಡಿನ್‌ಬರೋದ ಕ್ರಮ್ ಬ್ರೌನ್ ಬೇರೆಬೇರೆಯಾಗಿಯೇ ಒಳದ್ರವದ ಜಡತ್ವದ ವಿವರಣೆಗೆ ಬಂದರು. ಕಿವಿಗೆ ತಣ್ಣೀರು ಬಿಟ್ಟಾಗ ಕಣ್ಣು ಒಂದು ದಿಕ್ಕಿಗೂ ಬಿಸಿನೀರು ಬಿಟ್ಟಾಗ ಎದುರು ದಿಕ್ಕಿಗೂ ಮಿಡಿಯುವುದನ್ನು ಗಮನಿಸಿ ಪರೀಕ್ಷಾ ವಿಧಾನವನ್ನೇ ಕಟ್ಟಿದ ವಿಯೆನ್ನಾದ ರಾಬರ್ಟ್ ಬಾರಾನಿಗೆ 1914ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಆ ಸುದ್ದಿ ತಲುಪಿದಾಗ ಅವನು ರಷ್ಯದಲ್ಲಿ ಯುದ್ಧಕೈದಿ. ಬಿಡುಗಡೆಯಾಗಿ ಪ್ರಶಸ್ತಿ ಪಡೆದದ್ದು 1916ರಲ್ಲಿ.

ವ್ಯಾಯಾಮದಿಂದ ತಲೆಸುತ್ತನ್ನು ಗೆಲ್ಲಬಹುದೆಂಬ ವಿಚಾರ 1940ರ ದಶಕದ ಇಂಗ್ಲೆಂಡಿನದು. ಕಿವಿ ತಜ್ಞ ಟೆರೆನ್ಸ್ ಕಾಥಾರ್ನ್ ಮತ್ತು ವೈದ್ಯ ಕುಕ್ಸಿ, ತಲೆಗೆ ಪೆಟ್ಟು ಬಿದ್ದವರನ್ನೂ ಒಳಕಿವಿಯ ಶಸ್ತ್ರಚಿಕಿತ್ಸೆಯಾದವರನ್ನೂ ಹಾಸಿಗೆಯಲ್ಲಿ ಮಲಗಿಸದೆ ಎಬ್ಬಿಸಿದರು. ಮೊದಲು ಕಣ್ಣು, ಆಮೇಲೆ ತಲೆ, ಆಮೇಲೆ ನಿಂತು, ನಡೆದು, ಕೊನೆಗೆ ಗುಂಪಿನಲ್ಲಿ ಚೆಂಡಾಟ. ತಲೆಸುತ್ತು ಬರುವ ಚಲನೆಯನ್ನು ತಪ್ಪಿಸದೆ ಅದನ್ನೇ ಹಿತಮಿತವಾಗಿ ಮಾಡಿದರೆ ಮಿದುಳು ಒಗ್ಗಿಕೊಳ್ಳುತ್ತದೆ ಎಂಬ ಅವರ ತತ್ವ ಇಂದಿಗೂ ಬದಲಾಗಿಲ್ಲ.

ಮಕ್ಕಳ ಕಡೆಗೆ ಈ ಹೊಳೆ ತಿರುಗಿದ್ದು ಕ್ಯಾಲಿಫೋರ್ನಿಯಾದ ಜೀನ್ ಏರ್ಸ್ (1920–1988) ಅವರಿಂದ. ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದು ಮನಶ್ಶಾಸ್ತ್ರವನ್ನೂ ಓದಿಕೊಂಡಿದ್ದ ಏರ್ಸ್, ಕಲಿಕೆಯ ತೊಡಕುಳ್ಳ ಕೆಲವು ಮಕ್ಕಳಲ್ಲಿ ಸ್ಪರ್ಶ, ಕೀಲು ಮತ್ತು ಸಮತೋಲನದ ಸುದ್ದಿಗಳು ಮಿದುಳಿನಲ್ಲಿ ಸರಿಯಾಗಿ ಹೆಣೆದುಕೊಂಡಿಲ್ಲ ಎಂದು ವಾದಿಸಿ, 1972ರಲ್ಲಿ ಈ ಕುರಿತು ತಮ್ಮ ಮುಖ್ಯ ಗ್ರಂಥ ಹೊರತಂದರು. ತೂಗುಹಾಸು, ಚಕ್ರದ ಹಲಗೆ, ಉರುಳುವ ಪೀಪಾಯಿ ಚಿಕಿತ್ಸಾ ಕೊಠಡಿಗೆ ಬಂದದ್ದು ಅವರ ಕಾಲದಲ್ಲಿ. ಮಗುವನ್ನು 20 ಸೆಕೆಂಡಿನಲ್ಲಿ 10 ಸುತ್ತು ತಿರುಗಿಸಿ, ನಿಲ್ಲಿಸಿದ ಮೇಲೆ ಕಣ್ಣು ಎಷ್ಟು ಹೊತ್ತು ಮಿಡಿಯುತ್ತದೆಂದು ಎಣಿಸುವ ಪರೀಕ್ಷೆಯೂ ಅವರದೇ. ಅದು ಪರೀಕ್ಷೆ, ಚಿಕಿತ್ಸೆಯಲ್ಲ. ಈ ಸಣ್ಣ ಭೇದ ಮರೆತವರೇ ಮುಂದೆ ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ ತಿರುಗಿಸತೊಡಗಿದರು. ಏರ್ಸ್ ಅವರ ಮೂಲ ಆಶಯದಲ್ಲಿ ಮಗು ತಾನಾಗಿ ಆಡಬೇಕು, ದೊಡ್ಡವರು ಆಟದ ಕಷ್ಟವನ್ನು ಹದಗೊಳಿಸಬೇಕು.

ಮನೆಯಲ್ಲಿ ಮಾಡಬಹುದಾದವು

ಹಸುಗೂಸಿನ ಮೊದಲ ಸಮತೋಲನ ವ್ಯಾಯಾಮ ಬೋರಲು ಮಲಗುವುದು. ತಲೆಯನ್ನು ಗುರುತ್ವಕ್ಕೆ ಎದುರಾಗಿ ಎತ್ತುವ ಪ್ರಯತ್ನದಲ್ಲಿ ಒಳಕಿವಿಯ ಹರಳುಗಳೂ ಕತ್ತಿನ ಸ್ನಾಯುಗಳೂ ಕಣ್ಣೂ ಒಟ್ಟಿಗೆ ಕೆಲಸ ಕಲಿಯುತ್ತವೆ. ಇನ್ನೂ ಅಂಬೆಗಾಲಿಡದ ಮಕ್ಕಳು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಹೀಗೆ ಬೋರಲಾಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಒಮ್ಮೆಗೇ ಅಲ್ಲ, ಎರಡು ಮೂರು ನಿಮಿಷದ ಕಂತುಗಳಲ್ಲಿ. ಚಾಪೆಯ ಮೇಲೆ ಅಳುವ ಮಗು ಅಪ್ಪನ ಎದೆಯ ಮೇಲೆ ಬೋರಲಾಗಿದ್ದರೆ ಸುಮ್ಮನಿರುವುದುಂಟು. ಅದೂ ಲೆಕ್ಕಕ್ಕೆ ಬರುತ್ತದೆ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ಅದೇ ಮಾರ್ಗಸೂಚಿ ಇನ್ನೊಂದು ಮಾತನ್ನೂ ಹೇಳುತ್ತದೆ: ಕೈಗಾಡಿ, ಎತ್ತರದ ಕುರ್ಚಿ, ಬೆನ್ನಿಗೆ ಬಿಗಿದ ಬಟ್ಟೆ ಇವುಗಳಲ್ಲಿ ಮಗುವನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿಡಬಾರದು. ನೆಲಕ್ಕಿಂತ ಒಳ್ಳೆಯ ಸಲಕರಣೆ ಈ ವಯಸ್ಸಿಗೆ ಬೇರೆ ಇಲ್ಲ. ಚಕ್ರದ ವಾಕರ್ ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಬೀಳಿಸುತ್ತದೆ; ಕೆನಡಾ ಅದರ ಮಾರಾಟವನ್ನೇ 2004ರಲ್ಲಿ ನಿಷೇಧಿಸಿತು.

ಎತ್ತಿಕೊಂಡು ನಡೆಯುವುದೂ ಒಳಕಿವಿಗೆ ಸಲ್ಲುವ ಪ್ರಚೋದನೆಯೇ. ಆರು ತಿಂಗಳೊಳಗಿನ ಕೂಸುಗಳನ್ನು ತಾಯಿ ಎತ್ತಿ ನಡೆದಾಗ ಅಳು ತಗ್ಗಿ ಹೃದಯದ ಬಡಿತ ಇಳಿಯಿತೆಂದೂ, ಕುಳಿತು ಹಿಡಿದುಕೊಂಡಾಗ ಅಷ್ಟು ಪರಿಣಾಮವಿರಲಿಲ್ಲವೆಂದೂ ಜಪಾನಿನಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ವರದಿ ಮಾಡಿತು. ರಾತ್ರಿ ಎರಡು ಗಂಟೆಗೆ ಮನೆಯೊಳಗೆ ಸುತ್ತು ಹಾಕಿದ ಯಾವ ಅಜ್ಜಿಗೂ ಇದು ಹೊಸ ಸಂಗತಿಯಲ್ಲ. ತೊಟ್ಟಿಲೂ ಇದೇ ಜಾತಿಯದು. ನಿಧಾನವಾದ, ಒಂದೇ ಲಯದ, ನೇರ ತೂಗಾಟ ಮಗುವನ್ನು ಶಾಂತಗೊಳಿಸುತ್ತದೆ. ಲಯ ತಪ್ಪಿದ, ಚುರುಕಾದ, ದಿಕ್ಕು ಬದಲಿಸುವ ಚಲನೆ ಎಚ್ಚರಿಸುತ್ತದೆ. ಮನೆಯ ವ್ಯಾಯಾಮಗಳನ್ನು ಆರಿಸುವಾಗ ಈ ಒಂದು ಸೂತ್ರವೇ ಬಹುಪಾಲು ಕೆಲಸಕ್ಕೆ ಬರುತ್ತದೆ. ಮಲಗುವ ಮುನ್ನ ಗಿರಕಿ ಆಡಿಸಿ, ನಿದ್ದೆ ಬರಲಿಲ್ಲವೆಂದು ಬೇಸರಪಟ್ಟರೆ ತಪ್ಪು ಮಗುವಿನದಲ್ಲ.

ಕೂರಲು ಬಂದ ಮೇಲೆ ದೊಡ್ಡವರ ಚಾಚಿದ ಕಾಲಿನ ಮೇಲೆ, ಮಂಡಿಯ ಮೇಲೆ ಕೂರಿಸಿ ಮುಂದೆ ಹಿಂದೆ, ಪಕ್ಕಕ್ಕೆ ಓಲಾಡಿಸಬಹುದು. ಇಲ್ಲಿ ನೋಡಬೇಕಾದ್ದು ಮಗು ಓಲಿದ ದಿಕ್ಕಿಗೆ ಎದುರಾಗಿ ತಾನೇ ಮೈ ಸರಿಪಡಿಸಿಕೊಳ್ಳುತ್ತದೆಯೇ ಎಂಬುದನ್ನು. ಅದಕ್ಕೆ ಸಮಯ ಕೊಡುವಷ್ಟು ನಿಧಾನವಾಗಿ ಓಲಾಡಿಸಬೇಕು. ಮಗುವನ್ನು ಮೇಲಕ್ಕೆಸೆದು ಹಿಡಿಯುವ ಗಂಡಸರ ಉತ್ಸಾಹಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ.

ಒಂದೂವರೆ ವರ್ಷದಿಂದ ಮುಂದಕ್ಕೆ ಆಟದ ಬಯಲು ವಿಶಾಲವಾಗುತ್ತದೆ, ಇಲ್ಲಿ ಕನ್ನಡನಾಡಿನ ಹಳೆಯ ಆಟಗಳಿಗೆ ನಿಜವಾದ ಬೆಲೆಯಿದೆ. ಮಲೆನಾಡು, ಕರಾವಳಿಯ ಅಂಗಳಗಳಲ್ಲಿ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟವನ್ನು ತೆಗೆದುಕೊಳ್ಳಿ. ಎಳೆತ ಶುರುವಾಗುವಾಗ, ತಿರುವಿನಲ್ಲಿ, ನಿಲ್ಲುವಾಗ ಒಳಕಿವಿಯ ಚೀಲ ಮತ್ತು ನಾಳ ಎರಡಕ್ಕೂ ಕೆಲಸ. ಬೀಳದಂತೆ ಕೂರಲು ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಕೆಲಸ. ಹಿಡಿಯನ್ನು ಬಿಗಿಹಿಡಿಯಲು ಕೈಗೆ ಕೆಲಸ. ಎಳೆಯುವ ಮಗುವಿಗೆ ಮೈತುಂಬ ದುಡಿಮೆ. ಏರ್ಸ್ ಅವರ ಚಕ್ರದ ಹಲಗೆ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಹಾಳೆ ಸಿಗದ ಫ್ಲ್ಯಾಟಿನಲ್ಲಿ ದಪ್ಪ ಹಾಸುಬಟ್ಟೆ ಸಾಕು. ಮೊದಲು ಕೂರಿಸಿ, ಆಮೇಲೆ ಬೋರಲು ಮಲಗಿಸಿ ತಲೆ ಎತ್ತಿಕೊಂಡಿರುವಂತೆ ಎಳೆದರೆ ಆಟದ ಕಷ್ಟ ಹೆಚ್ಚುತ್ತದೆ. ಉಪ್ಪುಮೂಟೆಯಾಗಿ ಬೆನ್ನಿಗೇರಿಸಿಕೊಂಡು ಬಗ್ಗುವುದು, ಓರೆಯಾಗುವುದು, ಆನೆಯಾಟದಲ್ಲಿ ಬೆನ್ನ ಮೇಲೆ ಕೂರಿಸಿ ನಡೆಯುವುದು ಇದರ ಸೋದರ ಆಟಗಳು.

ಜೋಕಾಲಿಯ ಸ್ಥಾನ ಪ್ರತ್ಯೇಕ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಮರದ ಕೊಂಬೆಗೆ ಹಗ್ಗ ಕಟ್ಟಿ ಜೀಕುವ ಸಂಪ್ರದಾಯವಿದೆ. ಜೀಕು ಎನ್ನುವುದು ವೇಗ ಪ್ರತಿಕ್ಷಣ ಬದಲಾಗುವ ಚಲನೆ: ತುದಿಯಲ್ಲಿ ನಿಲುಗಡೆ, ಕೆಳಗೆ ಅತಿ ವೇಗ, ಮತ್ತೆ ನಿಲುಗಡೆ, ದಿಕ್ಕು ಬದಲು. ಹಾಗಾಗಿ ಗಿರಕಿಯಂತೆ ಇದು ಒಳಕಿವಿಗೆ ಮಂಕು ಹಿಡಿಸುವುದಿಲ್ಲ. ಮೇಲಾಗಿ, ಯಾವ ಕ್ಷಣದಲ್ಲಿ ಕಾಲು ಚಾಚಬೇಕು, ಯಾವಾಗ ಮಡಿಸಬೇಕು ಎಂಬುದನ್ನು ಮಗು ತಾನೇ ಕಂಡುಕೊಳ್ಳಬೇಕು. ದೂಡಿಸಿಕೊಳ್ಳುವ ಮಗುವಿಗಿಂತ ಜೀಕುವ ಮಗುವಿಗೆ ಕಲಿಕೆ ಹೆಚ್ಚು. ಇದಕ್ಕೆ ನರವಿಜ್ಞಾನದ ಬೆಂಬಲವೂ ಇದೆ. ಕೋತಿಗಳ ಮೇಲೆ ನಡೆದ ಕ್ಯಾಥಲೀನ್ ಕಲೆನ್ ಅವರ ಪ್ರಯೋಗಗಳಲ್ಲಿ, ಪ್ರಾಣಿ ತಾನಾಗಿ ತಲೆ ತಿರುಗಿಸಿದಾಗ ಮತ್ತು ಬೇರೆಯವರು ತಿರುಗಿಸಿದಾಗ ಮಿದುಳುಕಾಂಡದ ನರಕೋಶಗಳು ಬೇರೆ ಬೇರೆಯಾಗಿ ಮಿಡಿದವು. ತನ್ನಿಂದಾದ ಚಲನೆಯ ಫಲವನ್ನು ಮಿದುಳು ಮೊದಲೇ ಊಹಿಸಿರುತ್ತದೆ, ಊಹೆ ತಪ್ಪಿದಷ್ಟನ್ನು ಮಾತ್ರ ಸುದ್ದಿಯಾಗಿ ತೆಗೆದುಕೊಳ್ಳುತ್ತದೆ. ಮಗು ಸುಮ್ಮನೆ ಕುಳಿತು ತಿರುಗಿಸಿಕೊಂಡರೆ ಈ ಊಹೆಯ ಅಭ್ಯಾಸವೇ ಆಗುವುದಿಲ್ಲ. ಜೋಕಾಲಿಯಲ್ಲಿ ಕುಳಿತು ಎದುರಿನ ಬುಟ್ಟಿಗೆ ಚೆಂಡೆಸೆಯುವುದು, ಅಗಲ ಬಟ್ಟೆಯ ಜೋಕಾಲಿಯಲ್ಲಿ ಬೋರಲಾಗಿ ನೆಲದ ಆಟಿಕೆ ಹೆಕ್ಕುವುದು ಮುಂದಿನ ಹಂತ.

ಗಿರಕಿ ಬೇಡವೆಂದಲ್ಲ. ಕೈಕೈ ಹಿಡಿದು ತಿರುಗುವ ಫುಗಡಿಯಂಥ ಆಟದಲ್ಲಿ ವೇಗವೂ ನಿಲುಗಡೆಯೂ ಆಡುವವರ ವಶದಲ್ಲಿರುತ್ತವೆ. ತಿರುಗುವ ಕುರ್ಚಿ ಬಳಸುವುದಾದರೆ ನಿಧಾನವಾಗಿ ಕೆಲವೇ ಸುತ್ತು, ನಿಲುಗಡೆ, ಕಣ್ಣು ಸ್ಥಿರವಾಗುವವರೆಗೆ ಕಾಯುವುದು, ಆಮೇಲೆ ಎದುರು ದಿಕ್ಕಿಗೆ ಅಷ್ಟೇ ಸುತ್ತು. ಇನ್ನೂ ಬೇಕೆಂದು ಮಗು ಕೇಳಿದರೆ ಮಾತ್ರ ಇನ್ನೊಂದು ಸರದಿ. ನೆಲದ ಮೇಲೆ ಉದ್ದಕ್ಕೆ ಮಲಗಿ ಉರುಳುವುದು, ಲಾಗ ಹಾಕುವುದು, ಬಗ್ಗಿ ಕಾಲುಗಳ ಸಂದಿಯಿಂದ ಹಿಂದಿನವರನ್ನು ನೋಡುವುದು ತಲೆಯನ್ನು ನಿಂತಾಗ ಸಿಗದ ಭಂಗಿಗಳಿಗೆ ಒಯ್ಯುತ್ತವೆ, ಬೇರೆ ನಾಳಗಳನ್ನು ಎಬ್ಬಿಸುತ್ತವೆ.

ನಾಲ್ಕೈದು ವರ್ಷದ ಮೇಲೆ ನಿಂತಲ್ಲಿನ ಸಮತೋಲನಕ್ಕೆ ಒತ್ತು ಕೊಡಬಹುದು. ಮೂರು ವರ್ಷದ ಮಗು ಒಂಟಿ ಕಾಲಿನಲ್ಲಿ ಒಂದೆರಡು ಸೆಕೆಂಡು ನಿಂತರೆ ಹೆಚ್ಚು, ಐದು ವರ್ಷದ ಹೊತ್ತಿಗೆ ಎಂಟು ಹತ್ತು ಸೆಕೆಂಡು ನಿಲ್ಲುತ್ತದೆ. ಕುಂಟೆಬಿಲ್ಲೆ ಈ ಸಾಮರ್ಥ್ಯಕ್ಕೆ ಹೇಳಿ ಮಾಡಿಸಿದ ಆಟ: ಒಂಟಿ ಕಾಲಿನ ಜಿಗಿತ, ಗೆರೆ ಮುಟ್ಟದಂತೆ ಇಳಿಯುವುದು, ಬಗ್ಗಿ ಬಿಲ್ಲೆ ಎತ್ತುವುದು ಎಲ್ಲ ಅದರಲ್ಲಿದೆ. ನೆಲಕ್ಕೆ ಹಗ್ಗ ಹಾಸಿ ಅದರ ಮೇಲೆ ನಡೆಸಬಹುದು. ಕಣ್ಣು ಮುಚ್ಚಿದರೆ ನೋಟದ ಆಸರೆ ತಪ್ಪುತ್ತದೆ. ಮೆತ್ತನೆಯ ಹಾಸಿಗೆಯ ಮೇಲೆ ನಿಂತರೆ ಪಾದದ ಸುದ್ದಿ ಮಸುಕಾಗುತ್ತದೆ. ಎರಡೂ ಒಟ್ಟಾದಾಗ ಮಿದುಳು ಒಳಕಿವಿಯನ್ನೇ ನೆಚ್ಚಬೇಕಾಗುತ್ತದೆ. ಒಳಕಿವಿ ದುರ್ಬಲವಾದ ಮಗು ಎಡವುವುದು ಇಲ್ಲೇ, ಹಾಗಾಗಿ ಇದು ಮನೆಯಲ್ಲೇ ಸಿಗುವ ಸುಳಿವೂ ಹೌದು. ಹಾಸಿಗೆಯನ್ನು ಗೋಡೆಯ ಮೂಲೆಯಲ್ಲಿ ಹಾಕಿ, ಕೈಗೆ ಸಿಗುವಷ್ಟು ಹತ್ತಿರ ದೊಡ್ಡವರು ನಿಂತೇ ಇದನ್ನು ಆಡಿಸಬೇಕು.

ನೋಟ ಸ್ಥಿರಗೊಳಿಸುವ ಅಭ್ಯಾಸ ನೋಡಲು ಅತಿ ಸಪ್ಪೆ, ಒಳಕಿವಿಗೆ ಹಾನಿಯಾದ ಮಕ್ಕಳಿಗೆ ಅತಿ ಮುಖ್ಯ. ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕೆ ಒಂದು ಚಿತ್ರ ಅಥವಾ ಅಕ್ಷರ ಅಂಟಿಸಿ, ಅದರಿಂದ ನೋಟ ಕದಲಿಸದೆ ‘ಇಲ್ಲ ಇಲ್ಲ’ ಎನ್ನುವಂತೆ ತಲೆ ಆಡಿಸುವುದು, ಆಮೇಲೆ ‘ಹೂಂ’ ಎನ್ನುವಂತೆ. ಅಕ್ಷರ ಮಸುಕಾಗದಷ್ಟು ವೇಗ ಸಾಕು. ಪುಟ್ಟವರಿಗೆ ಚಿತ್ರ ಬದಲಿಸುತ್ತ ಹೆಸರು ಹೇಳಿಸಿದರೆ ಬೇಸರ ಕಡಿಮೆ.

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಗಡಿಯಾರಕ್ಕಿಂತ ಮಗುವಿನ ಮುಖ ಒಳ್ಳೆಯ ಉತ್ತರ ಕೊಡುತ್ತದೆ. ದಿನದಲ್ಲಿ ಹಲವು ಸಲ ಐದೈದು ನಿಮಿಷ ಆಡಿಸುವುದು ಒಮ್ಮೆಗೇ ಅರ್ಧ ತಾಸು ದಣಿಸುವುದಕ್ಕಿಂತ ಮೇಲು. ಚುರುಕಿನ ಆಟದ ಕೊನೆಗೆ ಭಾರ ನೂಕುವ, ಎಳೆಯುವ ಕೆಲಸ ಕೊಟ್ಟು ಶಾಂತಗೊಳಿಸುವುದು ಥೆರಪಿಸ್ಟರ ವಾಡಿಕೆ. ನೀರಿನ ಬಕೆಟ್ಟನ್ನು ಬಚ್ಚಲಿನತ್ತ ತಳ್ಳಿಸಿದರೂ ಆದೀತು.

ಬೇಡವೆನ್ನುವ ಮಗು, ಸಾಲದೆನ್ನುವ ಮಗು

ಕೆಲವು ಮಕ್ಕಳು ಪಾದ ನೆಲ ಬಿಟ್ಟರೆ ಸಾಕು, ಚೀರುತ್ತಾರೆ. ಕ್ಷೌರಕ್ಕೆ ತಲೆ ಹಿಂದಕ್ಕೆ ಬಾಗಿಸಲು ಬಿಡುವುದಿಲ್ಲ, ಎಸ್ಕಲೇಟರ್ ಕಂಡರೆ ಓಡುತ್ತಾರೆ. ಏರ್ಸ್ ಪರಂಪರೆಯವರು ಇದನ್ನು ಗುರುತ್ವದ ಅಭದ್ರತೆ ಎನ್ನುತ್ತಾರೆ. ಇಂಥವರನ್ನು ಹೆದರಿಕೆ ಹೋಗಲೆಂದು ಬಲವಂತವಾಗಿ ಜೋಕಾಲಿಗೆ ಕೂರಿಸುವುದು ಕ್ರೌರ್ಯ, ನಿಷ್ಫಲವೂ ಹೌದು. ಪಾದ ನೆಲಕ್ಕೆ ತಾಗುವಷ್ಟು ತಗ್ಗಿನ ಜೋಕಾಲಿಯಲ್ಲಿ, ಮಗುವೇ ಕಾಲಿನಿಂದ ದೂಡಿಕೊಂಡು, ಮಗುವೇ ನಿಲ್ಲಿಸುವಂತೆ ಬಿಡಬೇಕು. ಇನ್ನು ಕೆಲವರು ಎಷ್ಟು ತಿರುಗಿದರೂ ದಣಿಯುವುದಿಲ್ಲ, ಒಂದೆಡೆ ಕೂರುವುದಿಲ್ಲ. ಅವರಿಗೆ ಗಿರಕಿಗಿಂತ ಗುರಿಯುಳ್ಳ ಓಟ, ಹತ್ತುವುದು, ಮರಕೋತಿಯಂಥ ನಿಯಮದ ಆಟ ಒಳ್ಳೆಯದು.

ಎಚ್ಚರಿಕೆಗಳು

ಮುಖ ಬಿಳಿಚಿಕೊಳ್ಳುವುದು, ಬೆವರು, ಪದೇ ಪದೇ ಆಕಳಿಕೆ, ಓಕರಿಕೆ, ಇದ್ದಕ್ಕಿದ್ದಂತೆ ಮೌನವಾಗುವುದು, ಇವು ಕಂಡ ಕೂಡಲೇ ಆಟ ನಿಲ್ಲಿಸಬೇಕು. ಪರಿಣಾಮ ಕೆಲವೊಮ್ಮೆ ಆಟ ಮುಗಿದು ಸ್ವಲ್ಪ ಹೊತ್ತಾದ ಮೇಲೂ ತೋರುತ್ತದೆ. ಕೂಸನ್ನು ಎಂದೂ ಕುಲುಕಬಾರದು. ಕುಲುಕಾಟದಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಸಾವೂ ಸಂಭವಿಸುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಿರಬಹುದಾದ್ದರಿಂದ ವೈದ್ಯರ ಒಪ್ಪಿಗೆಯಿಲ್ಲದೆ ಲಾಗ, ಟ್ರ್ಯಾಂಪೊಲೀನ್ ಕೂಡದು. ಅಪಸ್ಮಾರ, ಹೃದ್ರೋಗ ಇರುವವರು, ಮಿದುಳಿನ ದ್ರವ ಹರಿಸಲು ಶಂಟ್ ಹಾಕಿಸಿಕೊಂಡವರು, ಕಿವಿ ಸೋರುತ್ತಿರುವವರು ಮೊದಲು ವೈದ್ಯರನ್ನು ಕೇಳಬೇಕು. ಮನೆಯ ಟ್ರ್ಯಾಂಪೊಲೀನನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಪ್ಪುವುದಿಲ್ಲ. ಹೆಚ್ಚಿನ ಗಾಯಗಳಾಗುವುದು ಹಲವರು ಒಟ್ಟಿಗೆ ಜಿಗಿದಾಗ. ನಮ್ಮಲ್ಲಿ ಸೀರೆಯ ಜೋಲಿಯೂ ಹೀಗೆಯೇ. ಕೂಸಿಗೆ ಹಿತವಾದರೂ, ಸ್ವಲ್ಪ ದೊಡ್ಡ ಮಕ್ಕಳು ಅದರಲ್ಲಿ ತಿರುಗಿ ತಿರುಗಿ ಆಡುವಾಗ ಬಟ್ಟೆ ಹುರಿಗೊಂಡು ಕತ್ತಿಗೆ ಸುತ್ತಿದ ಸಾವುಗಳು ಭಾರತದ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕೂಸು ಮಲಗಿರದ ಹೊತ್ತಿನಲ್ಲಿ ಜೋಲಿಯನ್ನು ಬಿಚ್ಚಿಡುವುದು ಸುರಕ್ಷಿತ.

ಪುರಾವೆ ಎಷ್ಟು

ಒಳಕಿವಿಯ ಹಾನಿ ಖಚಿತವಾದ ಮಕ್ಕ­ಳಲ್ಲಿ ವ್ಯಾಯಾಮಕ್ಕೆ ಒಳ್ಳೆಯ ಆಧಾರವಿದೆ. ಕಿವುಡಿನ ಜೊತೆಗೆ ಸಮತೋಲನದ ನಷ್ಟವೂ ಇದ್ದ ಮಕ್ಕಳಿಗೆ ರೋಸ್ ಮೇರಿ ರೈನ್ ಮತ್ತು ಸಂಗಡಿಗರು 12 ವಾರಗಳ ವ್ಯಾಯಾಮ ಕೊಟ್ಟು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮ ಮಾಡಿದವರ ಚಲನಾ ಬೆಳವಣಿಗೆ ಸುಧಾರಿಸಿತು. ಕಾಕ್ಲಿಯವೂ ಸಮತೋಲನಾಂಗವೂ ಒಂದೇ ಮೂಳೆಯ ಗೂಡಿನಲ್ಲಿರುವ ನೆರೆಹೊರೆಯಾದ್ದರಿಂದ ಮೆದುಳುಪೊರೆಯ ಉರಿಯೂತ, ಜನ್ಮಜಾತ ಸೋಂಕು, ಜೆಂಟಾಮೈಸಿನ್‌ನಂಥ ಔಷಧಗಳು ಎರಡನ್ನೂ ಒಟ್ಟಿಗೆ ಕೆಡಿಸಬಲ್ಲವು. ತೀವ್ರ ಕಿವುಡಿರುವ ಮಗು ತಡವಾಗಿ ನಡೆದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ಸಮತೋಲನ ಪರೀಕ್ಷೆ ಮಾಡಿಸಬೇಕಾದ್ದು ಈ ಕಾರಣಕ್ಕೆ.

ಆರೋಗ್ಯವಂತ ಕೂಸುಗಳ ಅಧ್ಯಯನಗಳಲ್ಲಿ ಪ್ರಸಿದ್ಧವಾದದ್ದು 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಕ್ಲಾರ್ಕ್, ಕ್ರಾಯ್ಟ್ಸ್‌ಬರ್ಗ್ ಮತ್ತು ಚೀ ಅವರ ವರದಿ. ಇನ್ನೂ ನಡೆಯದ ಶಿಶುಗಳನ್ನು 16 ಸರದಿಗಳಲ್ಲಿ ಮೆಲ್ಲಗೆ ತಿರುಗಿಸಿದಾಗ ಚಲನಾ ಕೌಶಲ ಹೆಚ್ಚಿತೆಂದು ಅದು ಹೇಳಿತು. ಇಂದಿಗೂ ಮಾರಾಟದ ಕರಪತ್ರಗಳಲ್ಲಿ ಅದೇ ಉಲ್ಲೇಖ. 1980ರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮೇಲೆ ಇಂಥದೇ ಪ್ರಯೋಗ ಮಾಡಿದ ಸೆಲಿಕ್ ಮತ್ತು ಓವರ್ ಅವರಿಗೆ ಅಂಥ ಲಾಭ ಕಾಣಲಿಲ್ಲ ಎಂಬುದು ಕರಪತ್ರಗಳಲ್ಲಿ ಇರುವುದಿಲ್ಲ.

ಇಂದ್ರಿಯ ಸಮನ್ವಯ ಚಿಕಿತ್ಸೆಯ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ್ದು ತೂಕದ ಮಾತು: ಒಟ್ಟಾರೆ ಯೋಜನೆಯ ಒಂದು ಭಾಗವಾಗಿ ಇದನ್ನು ಬಳಸಬಹುದು, ಆದರೆ ಫಲದ ಕುರಿತ ಸಂಶೋಧನೆ ಸೀಮಿತವೆಂದು ತಂದೆತಾಯಿಗೆ ತಿಳಿಸಬೇಕು. ಬ್ರಿಟನ್ನಿನಲ್ಲಿ ಆಟಿಸಂ ಇರುವ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಚಿಕಿತ್ಸೆ ಪಡೆದವರಿಗೂ ಎಂದಿನ ಆರೈಕೆ ಪಡೆದವರಿಗೂ ಕಿರಿಕಿರಿಯ ನಡವಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಮತೋಲನ ವ್ಯಾಯಾಮದಿಂದ ಓದಿನ ತೊಡಕು ನೀಗುತ್ತದೆಂಬ ವಾದದ ಗತಿ ಇನ್ನೂ ಕೆಟ್ಟದ್ದು. ಬ್ರಿಟನ್ನಿನಲ್ಲಿ ಡೋರ್ ಎಂಬ ಹೆಸರಿನ ದುಬಾರಿ ಕಾರ್ಯಕ್ರಮ ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಇಂಥ ವ್ಯಾಯಾಮ ಮಾರಿತು. ಅದನ್ನು ಬೆಂಬಲಿಸಿ 2003ರಲ್ಲಿ ಬಂದ ಅಧ್ಯಯನ ಸಂಶೋಧಕರ ತೀವ್ರ ಟೀಕೆಗೆ ಗುರಿಯಾಯಿತು. 2008ರಲ್ಲಿ ಕಂಪನಿಯೇ ಮುಚ್ಚಿತು. ಓದಿನ ತೊಡಕಿಗೆ ಮದ್ದು ಓದು ಕಲಿಸುವ ಕ್ರಮದಲ್ಲಿದೆ, ಕಿವಿಯಲ್ಲಲ್ಲ. ಮನೆಯ ಆಟಗಳು ಮಗುವಿನ ಮೈಯನ್ನು ಹದಗೊಳಿಸುತ್ತವೆ, ಧೈರ್ಯ ಕೊಡುತ್ತವೆ, ಮನೆಮಂದಿಯ ಜೊತೆ ನಗಿಸುತ್ತವೆ. ಅಂಕ ಹೆಚ್ಚಿಸುತ್ತವೆ ಎನ್ನುವವರ ಮಾತಿಗೆ ಹಣ ಕೊಡಬೇಕಾಗಿಲ್ಲ.

ಕರ್ನಾಟಕದಲ್ಲಿ ನೆರವು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಕಿವಿ ಮತ್ತು ಮಾತಿನ ತೊಂದರೆಗಳ ತಪಾಸಣೆ ನಡೆಸುತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಅದರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುತ್ತವೆ, ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳಿಸುತ್ತವೆ.

ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದ, 18 ತಿಂಗಳಾದರೂ ನಡೆಯದ, ಕಲಿತ ನಡಿಗೆಯನ್ನು ಮರೆಯುತ್ತಿರುವ, ಕತ್ತಲಲ್ಲಿ ಮಾತ್ರ ಮತ್ತೆ ಮತ್ತೆ ಬೀಳುವ, ಇದ್ದಕ್ಕಿದ್ದಂತೆ ತಲೆಸುತ್ತಿ ದೊಡ್ಡವರನ್ನು ತಬ್ಬಿಕೊಳ್ಳುವ, ಕೇಳದ ಕಿವಿಯ ಜೊತೆಗೆ ತೂಗಾಡುವ ನಡಿಗೆಯಿರುವ ಮಗುವಿಗೆ ಮನೆಯ ವ್ಯಾಯಾಮವನ್ನೇ ಮದ್ದೆಂದು ನಂಬಿ ತಿಂಗಳುಗಟ್ಟಲೆ ಕಾಯಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಯಾವ ವ್ಯಾಯಾಮ ಎಂಬುದನ್ನು ಆಮೇಲೆ ಅವರೊಂದಿಗೇ ತೀರ್ಮಾನಿಸಿ.